ಎಣಿಸಿದರೆ ಹತ್ತೇ ಬೇಸಿಗೆ

ಹೋದ ವರ್ಷ ಕೊನೆಯ ಪರೀಕ್ಷೆ ಮುಗಿದ ಸಂಜೆ ನಮ್ಮ ಪಕ್ಕದ ಮನೆಯ ಹುಡುಗ ಪುಸ್ತಕದ ಚೀಲವನ್ನು ಜಗಲಿಯ ಮೇಲೆ ಎಸೆದು ಬೀದಿಗೆ ಓಡಿದ. ಚೀಲ ಬಿದ್ದ ಸದ್ದಿನಿಂದಲೇ ರಜೆ ಬಂತೆಂದು ಇಡೀ ಬೀದಿಗೆ ಗೊತ್ತಾಯಿತು. ಅವನ ಹಿಂದೆಯೇ ಬಾಗಿಲಿಗೆ ಬಂದ ಅವನ ತಾಯಿ ಕಾಂಪೌಂಡಿನ ಆಚೆಯಿಂದ ಕೇಳಿದರು: "ಇನ್ನು ಒಂದೂವರೆ ತಿಂಗಳು ಇವನನ್ನ ಏನು ಮಾಡೋದು ಹೇಳಿ ಸಾರ್? ಒಬ್ಬರು ಬೇಸಿಗೆ ಶಿಬಿರ ಅಂತಾರೆ. ಇನ್ನೊಬ್ಬರು ಈಗಲೇ ಮುಂದಿನ ವರ್ಷದ ಗಣಿತ ಶುರು ಮಾಡ್ತೀವಿ ಅಂತಾರೆ. ಎಲ್ಲಿಗೂ ಸೇರಿಸದೆ ಬಿಟ್ರೆ ಬೆಳಗಿಂದ ರಾತ್ರಿ ತನಕ ಮೊಬೈಲು."

ಈ ಪ್ರಶ್ನೆ ಅವರೊಬ್ಬರದಲ್ಲ. ಏಪ್ರಿಲ್ ಬಂತೆಂದರೆ ಮಕ್ಕಳಿರುವ ಮನೆಮನೆಯಲ್ಲೂ ಏಳುವ ಪ್ರಶ್ನೆ. ನಾನು ಉತ್ತರ ಹೇಳುವ ಬದಲು ಒಂದು ಲೆಕ್ಕ ಹೇಳಿದೆ.

ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಒಂದು ಮಗುವಿಗೆ ಸಿಗುವ ಬೇಸಿಗೆ ರಜೆಗಳು ಹತ್ತು. ಮೊದಲ ಮೂರರಲ್ಲಿ ಏನು ನಡೆಯಿತೆಂಬುದು ದೊಡ್ಡವನಾದ ಮೇಲೆ ಅದಕ್ಕೆ ಅಷ್ಟಾಗಿ ನೆನಪಿರುವುದಿಲ್ಲ. ಎಂಟು ಮುಗಿದ ಬೇಸಿಗೆಯನ್ನು 'ಒಂಬತ್ತರ ಅಡಿಪಾಯ' ನುಂಗುತ್ತದೆ. ಒಂಬತ್ತು ಮುಗಿದ ಬೇಸಿಗೆ ಪೂರ್ತಿ ಎಸ್ಸೆಸ್ಸೆಲ್ಸಿ ತಯಾರಿಗೆ ಮೀಸಲು. ಹತ್ತು ಮುಗಿದದ್ದು ಫಲಿತಾಂಶದ ಭಯಕ್ಕೂ ಕಾಲೇಜಿನ ಅರ್ಜಿಗಳಿಗೂ ಸಂದಾಯವಾಗುತ್ತದೆ. ಉಳಿದದ್ದು ನಾಲ್ಕು. ಒಂದೊಂದು ರಜೆಯೂ ಹೆಚ್ಚೆಂದರೆ ಏಳು ವಾರ. ನಾಲ್ಕೇಳಲಿ ಇಪ್ಪತ್ತೆಂಟು ವಾರ. ಒಂದು ವರ್ಷವೂ ಆಗಲಿಲ್ಲ! "ನಿಮ್ಮ ಮಗ ಆರನೆಯದು ಮುಗಿಸಿದ್ದಾನೆ. ಹಾಗಾದರೆ ಇದೊಂದು, ಮುಂದಿನದೊಂದು. ಎರಡೇ ಬಾಕಿ" ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗೆ ಲೆಕ್ಕ ಹಾಕಿರಲಿಲ್ಲ ಸಾರ್" ಎಂದರು.

ಶಿಬಿರಗಳನ್ನು ಬೈಯುವುದು ನನ್ನ ಉದ್ದೇಶವಲ್ಲ. ತಂದೆ ತಾಯಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಮಗುವನ್ನು ಹಗಲೆಲ್ಲ ಯಾರ ಕೈಗೆ ಒಪ್ಪಿಸುವುದು ಎಂಬುದು ನಿಜವಾದ ಕಷ್ಟ. ಹಿಂದಿನವರಿಗೆ ಅಜ್ಜನ ಮನೆಯಿತ್ತು. ಈಗ ಎಷ್ಟೋ ಕಡೆ ಆ ಮನೆ ಮಾರಿಹೋಗಿದೆ, ಇಲ್ಲವೇ ಅಜ್ಜ ಅಜ್ಜಿಯರೇ ಪಟ್ಟಣದ ಎರಡು ಕೋಣೆಯ ಮನೆಗೆ ಬಂದು ಕುಳಿತಿದ್ದಾರೆ. ಆದರೆ ಅಜ್ಜನ ಮನೆಯ ಬೇಸಿಗೆ ಅಷ್ಟು ಚೆನ್ನಾಗಿ ಯಾಕಿತ್ತು ಎಂದು ಯೋಚಿಸಿದ್ದೀರಾ? ಅಲ್ಲಿ ಮಕ್ಕಳನ್ನು ಯಾರೂ ರಂಜಿಸುತ್ತಿರಲಿಲ್ಲ. ಬದಲಿಗೆ ಪ್ರತಿಯೊಬ್ಬರಿಗೂ ಒಂದು ಕೆಲಸವಿತ್ತು. ಮಾಳಿಗೆಯ ಮೇಲೆ ಸಂಡಿಗೆ ಹಾಕಿದರೆ ಕಾಗೆ ಕಾಯುವವನೊಬ್ಬ. ಹಪ್ಪಳ ಒತ್ತಿದ ಹಾಗೆಲ್ಲ ಒಯ್ದು ಬಿಸಿಲಿಗೆ ಹರವುವವಳೊಬ್ಬಳು. ಹುಲ್ಲಿನಲ್ಲಿ ಅಡೆ ಹಾಕಿದ ಮಾವಿನಕಾಯಿಗಳನ್ನು ದಿನಕ್ಕೊಮ್ಮೆ ಮುಟ್ಟಿ, ಮೂಸಿ, ಹಣ್ಣಾದದ್ದನ್ನು ಬೇರೆ ಮಾಡುವವನು ಮತ್ತೊಬ್ಬ. ಅರ್ಧ ಒಣಗಿದ ಸಂಡಿಗೆಯನ್ನು ಕಾಗೆಗಿಂತ ಕಾವಲುಗಾರನೇ ಹೆಚ್ಚು ತಿನ್ನುತ್ತಿದ್ದ, ಆ ಮಾತು ಬೇರೆ. ಮಕ್ಕಳಿಗೆ ಬೇಸಿಗೆ ರುಚಿಸಿದ್ದು ಅದರಲ್ಲಿ ಅವರಿಗೊಂದು ಪಾಲು ಇದ್ದುದರಿಂದ. ಅಜ್ಜನ ಮನೆಯನ್ನು ಮತ್ತೆ ಕಟ್ಟಲು ನಮ್ಮಿಂದಾಗದು. ಪಾಲು ಕೊಡುವುದು ಮಾತ್ರ ಬಾಡಿಗೆ ಮನೆಯಲ್ಲೂ ಸಾಧ್ಯ. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಸಾಕು.

ಅಡುಗೆಮನೆಯಿಂದಲೇ ಶುರು ಮಾಡೋಣ. ರಾಮನವಮಿಗೆ ನಾವೆಲ್ಲ ಪಾನಕ, ನೀರುಮಜ್ಜಿಗೆ, ಕೋಸಂಬರಿ ಮಾಡುತ್ತೇವೆ. ಮೂರಕ್ಕೂ ಒಲೆ ಬೇಡ. ಹತ್ತು ವರ್ಷದ ಮಗು, ಗಂಡಾಗಲಿ ಹೆಣ್ಣಾಗಲಿ, ಒಂಟಿಯಾಗಿ ಮಾಡಬಲ್ಲ ಅಡುಗೆ ಇದು. ಒಂದು ಲೀಟರ್ ನೀರಿಗೆ ಸುಮಾರು 150 ಗ್ರಾಂ ಬೆಲ್ಲ ಕರಗಿಸಿ ಸೋಸಬೇಕು. ಒಂದು ನಿಂಬೆಹಣ್ಣಿನ ರಸ, ನಾಲ್ಕು ಏಲಕ್ಕಿ, ಅರ್ಧ ಚಮಚ ಮೆಣಸಿನ ಪುಡಿ (ಕಾಳುಮೆಣಸು, ಒಣಮೆಣಸಿನಕಾಯಿಯಲ್ಲ!), ಚಿಟಿಕೆ ಶುಂಠಿ ಪುಡಿ ಬೆರೆಸಿದರೆ ಪಾನಕ. ಬೇಲದ ಹಣ್ಣು ಸಿಕ್ಕರೆ ಅದರ ತಿರುಳನ್ನು ಕಿವುಚಿ ಬೆರೆಸಿದರೆ ಇನ್ನೊಂದು ರುಚಿ. ಹೆಸರುಬೇಳೆಯನ್ನು ಒಂದೆರಡು ಗಂಟೆ ನೆನೆಸಿ, ನೀರು ಬಸಿದು, ಸೌತೆಕಾಯಿ, ತೆಂಗಿನ ತುರಿ, ಉಪ್ಪು, ನಿಂಬೆರಸ ಸೇರಿಸಿದರೆ ಕೋಸಂಬರಿ. ಒಂದು ಬಟ್ಟಲು ಮೊಸರಿಗೆ ನಾಲ್ಕು ಬಟ್ಟಲು ನೀರು, ಉಪ್ಪು, ಜಜ್ಜಿದ ಶುಂಠಿ, ಕರಿಬೇವು ಬಿದ್ದರೆ ನೀರುಮಜ್ಜಿಗೆ. ಕರಾವಳಿಯವರು ಪುನರ್ಪುಳಿ ಶರಬತ್ತನ್ನೂ, ಬಯಲುಸೀಮೆಯವರು ರಾಗಿ ಅಂಬಲಿಯನ್ನೂ, ಉತ್ತರ ಕರ್ನಾಟಕದವರು ಜೋಳದ ಅಂಬಲಿಯನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಲಿ. ಮಧ್ಯಾಹ್ನ ಮನೆಗೆ ಯಾರೇ ಬರಲಿ, ಅಂಚೆಯವರೋ, ಹಾಲಿನವರೋ, ಅವರಿಗೆ ಒಂದು ಲೋಟ ಕೊಡುವ ಜವಾಬ್ದಾರಿ ಆ ಮಗುವಿನದೇ ಎಂದು ಹೇಳಿಬಿಡಿ. ಮೊದಲ ಎರಡು ದಿನ ಬೆಲ್ಲ ಚೆಲ್ಲುತ್ತದೆ, ನೆಲ ಅಂಟುತ್ತದೆ. ಅಮ್ಮಂದಿರು ಆ ಎರಡು ದಿನ ಅಡುಗೆಮನೆಯ ಕಡೆ ತಲೆ ಹಾಕದಿದ್ದರೆ ಒಳ್ಳೆಯದು.

ಅಡುಗೆಮನೆಯಲ್ಲೇ ಒಂದು ವಿಜ್ಞಾನದ ಪಾಠವೂ ಇದೆ. ಒಂದೇ ಅಳತೆಯ ನೀರನ್ನು ಮಣ್ಣಿನ ಮಡಕೆಯಲ್ಲೂ ಸ್ಟೀಲ್ ಪಾತ್ರೆಯಲ್ಲೂ ತುಂಬಿ ಗಾಳಿಯಾಡುವ ಕಡೆ ಇಡಿ. ಸಂಜೆ ಎರಡರ ನೀರನ್ನೂ ಕುಡಿದು ನೋಡಿ. ಮಡಕೆಯ ಸೂಕ್ಷ್ಮ ರಂಧ್ರಗಳಿಂದ ಒಸರಿದ ನೀರು ಆವಿಯಾಗುವಾಗ ಅದಕ್ಕೆ ಬೇಕಾದ ಶಾಖವನ್ನು ಮಡಕೆಯಿಂದಲೇ ಎಳೆದುಕೊಳ್ಳುತ್ತದೆ. ಒಳಗಿನ ನೀರು ತಣ್ಣಗಾಗುತ್ತದೆ. ಈಗ ಒಂದು ಪ್ರಶ್ನೆ: ಕಲಬುರಗಿಯ ಮಡಕೆ ಮಂಗಳೂರಿನ ಮಡಕೆಗಿಂತ ಹೆಚ್ಚು ತಂಪು ಕೊಡುತ್ತದೆ, ಏಕೆ? ಕಲಬುರಗಿಯ ಬೇಸಿಗೆಯ ಗಾಳಿ ಒಣಗಾಳಿ, ನೀರು ಬೇಗ ಆವಿಯಾಗುತ್ತದೆ. ಮಂಗಳೂರಿನ ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ. ಮಂಗಳೂರಿನಲ್ಲಿ ಮೈ ಬೆವರಿದರೂ ಆರುವುದಿಲ್ಲವಲ್ಲ, ಅದಕ್ಕೂ ಇದೇ ಕಾರಣ. ಪುಸ್ತಕದಲ್ಲಿ 'ಬಾಷ್ಪೀಭವನ' ಎಂದು ಬಾಯಿಪಾಠ ಮಾಡಿದ್ದನ್ನು ಹೀಗೊಮ್ಮೆ ಕುಡಿದು ನೋಡಿದ ಹುಡುಗ ಮತ್ತೆ ಮರೆಯಲಾರ.

ಇನ್ನು ಪುಸ್ತಕ. ತಂದೆ ತಾಯಂದಿರೇ, ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ಶೇಕಡಾ 6ರಷ್ಟು ಗ್ರಂಥಾಲಯ ಕರವೂ ಸೇರಿರುತ್ತದೆ ಎಂಬುದು ನಿಮಗೆ ಗೊತ್ತೇ? 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಮಾಡಿದ ಏರ್ಪಾಡು ಇದು. ಹಣ ಕೊಟ್ಟಾಗಿದೆ; ಪುಸ್ತಕ ತರುವುದೊಂದೇ ಬಾಕಿ. ಹಳ್ಳಿಯ ಮಕ್ಕಳಿಗೆ 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ಕೊಟ್ಟಿತು. ಹತ್ತಿರದ ಗ್ರಂಥಾಲಯಕ್ಕೆ ಒಮ್ಮೆ ಮಗುವಿನ ಕೈ ಹಿಡಿದು ಹೋಗಿ, ಚೀಟಿ ಮಾಡಿಸಿ, ಆಮೇಲೆ ಹಿಂದೆ ಸರಿಯಿರಿ. ಪುಸ್ತಕ ಆರಿಸುವುದು ಅದರ ಪಾಲು. ತಂದದ್ದು ನಿಮಗೆ ಹಿಡಿಸದಿರಬಹುದು, ಅರ್ಧಕ್ಕೇ ಬಿಡಲೂಬಹುದು. ಅರ್ಧಕ್ಕೆ ಬಿಡುವ ಸ್ವಾತಂತ್ರ್ಯ ಪಠ್ಯಪುಸ್ತಕದಲ್ಲಂತೂ ಇಲ್ಲ, ಇಲ್ಲಾದರೂ ಇರಲಿ. "ಇದರಿಂದ ಏನು ನೀತಿ ಕಲಿತೆ?" ಎಂದು ದಯವಿಟ್ಟು ಕೇಳಬೇಡಿ. ಆ ಪ್ರಶ್ನೆಗೆ ಹೆದರಿಯೇ ಎಷ್ಟೋ ಮಕ್ಕಳು ಕತೆ ಪುಸ್ತಕವನ್ನು ಮುಚ್ಚಿಟ್ಟಿವೆ.

ಏನು ಓದಲಿ ಎಂದು ಕೇಳುವವರಿಗೆ ಒಂದೆರಡು ಹೆಸರು ಹೇಳಬಹುದು. ಚಿಕ್ಕವರಿಗೆ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ದೊಡ್ಡವರು ಗಟ್ಟಿಯಾಗಿ ಓದಿ ಹೇಳಬೇಕು. ಹೈಸ್ಕೂಲಿನವರಿಗೆ ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ', ಅದು ರುಚಿಸಿದರೆ ಹಾರುವ ಓತಿಯನ್ನು ಹುಡುಕಿಕೊಂಡು ಕಾಡು ಹೊಗುವ 'ಕರ್ವಾಲೊ'. ಹಳೆಯ ಗ್ರಂಥಾಲಯದಲ್ಲಿ ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ಹೊರತಂದ 'ಬಾಲಪ್ರಪಂಚ'ದ ಮೂರು ಸಂಪುಟಗಳು ಕಣ್ಣಿಗೆ ಬಿದ್ದರೆ ಚಿತ್ರ ನೋಡುವುದಕ್ಕಾದರೂ ಕೆಳಗಿಳಿಸಿ. ಇಡೀ ಮನೆಗೆ ಒಂದೇ ಪುಸ್ತಕ ಸಾಕೆನ್ನುವವರು ಎ.ಆರ್. ಕೃಷ್ಣಶಾಸ್ತ್ರಿಗಳ 'ವಚನಭಾರತ'ವನ್ನು ಹಿಡಿಯಿರಿ. 1950ರಲ್ಲಿ ಬಂದ ಈ ಗ್ರಂಥ ಇಡೀ ಮಹಾಭಾರತವನ್ನು ಸರಳ ಗದ್ಯದಲ್ಲಿ ಹೇಳುತ್ತದೆ. ರಾತ್ರಿ ಊಟವಾದ ಮೇಲೆ ಮಾಳಿಗೆಯಲ್ಲೋ ಜಗಲಿಯಲ್ಲೋ ಕುಳಿತು ದಿನಕ್ಕೆ ಕೆಲವು ಪುಟ ಓದಿ. ಒಂದು ದಿನ ಅಪ್ಪ, ಒಂದು ದಿನ ಮಗಳು. ಅಪ್ಪನ ಕೈಯಲ್ಲಿ ಮೊಬೈಲಿದ್ದು ಮಗಳ ಕೈಗೆ ಮಾತ್ರ ಪುಸ್ತಕ ಕೊಟ್ಟರೆ ಮೂರನೆಯ ದಿನಕ್ಕೆ ಪಾರಾಯಣ ಮುಗಿದಂತೆ.

ಪುಸ್ತಕ ಗಟ್ಟಿಯಾಗಿ ಓದುವ ಮನೆಗೆ ಸಂಗೀತ ದೂರವಲ್ಲ. ಬೇಸಿಗೆ ನಮ್ಮಲ್ಲಿ ಸಂಗೀತದ ಕಾಲವೂ ಹೌದು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ 1939ರಿಂದ ನಡೆದುಬಂದಿದೆ. ಊರೂರಿನ ರಾಮಮಂದಿರಗಳಲ್ಲೂ ಆ ದಿನಗಳಲ್ಲಿ ಕಚೇರಿ, ಹರಿಕಥೆಗಳಿರುತ್ತವೆ. ಕರಾವಳಿಯಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯ ವಾರಕ್ಕೆ, ಮುಗಿಯುತ್ತದೆ. ಅಷ್ಟರೊಳಗೆ ಒಂದು ಆಟವನ್ನಾದರೂ ನೋಡಿಬಿಡಬೇಕು. ರಾತ್ರಿಯಿಡೀ ಕೂರಲಾಗದ ಮಕ್ಕಳಿಗೆ ಈಗ ಕಾಲಮಿತಿಯ ಆಟಗಳೂ ಉಂಟು. ಚೌಕಿಯಲ್ಲಿ ವೇಷ ಕಟ್ಟುವುದನ್ನು ನೋಡಲು ಬಿಟ್ಟರೆ ಮಗು ನಿದ್ದೆಯನ್ನೇ ಮರೆಯುತ್ತದೆ.

ಹೊರಗೆ ಹೋಗಲಾಗದವರು ಮನೆಯಲ್ಲೇ ಒಂದು ಆಟ ಆಡಬಹುದು. ಹಿಂದುಸ್ತಾನಿ ಪದ್ಧತಿಯಲ್ಲಿ ರಾಗಗಳಿಗೆ ಹೊತ್ತು ಗೊತ್ತುಮಾಡಿದ್ದಾರೆ: ಬೆಳಗ್ಗೆ ತೋಡಿ, ನಡು ಮಧ್ಯಾಹ್ನಕ್ಕೆ ಸಾರಂಗ, ಮುಸ್ಸಂಜೆ ಕಳೆದಮೇಲೆ ಯಮನ್. ಧಾರವಾಡ ಸೀಮೆ ನಮಗೆ ಕೊಟ್ಟ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ಧ್ವನಿಮುದ್ರಣಗಳು ಇಂದು ಅದೇ ಮೊಬೈಲಿನಲ್ಲಿ ಸಿಗುತ್ತವೆ. ಬಿಸಿಲು ಧಗಧಗಿಸುವ ಹೊತ್ತಿನಲ್ಲಿ ಕಿಟಕಿ ಮುಚ್ಚಿ, ಚಾಪೆ ಹಾಸಿ, ವೃಂದಾವನಿ ಸಾರಂಗವನ್ನು ಹಾಕಿ ಮಲಗಿಕೊಳ್ಳಿ. ಕರ್ನಾಟಕ ಸಂಗೀತದ ಮಧ್ಯಮಾವತಿಯನ್ನು ಕೇಳಿ ಬಲ್ಲ ಮನೆಯಾದರೆ ಇವೆರಡರ ನೆಂಟಸ್ತಿಕೆಯನ್ನು ಮಗುವೇ ಗುರುತಿಸೀತು. ರಾಗದ ಹೆಸರು ಹೇಳಿಕೊಡುವುದು ಆಮೇಲೆ. ಮೊದಲು ಕಿವಿ ನೆನೆಯಲಿ.

ಆದರೆ ಎಲ್ಲಕ್ಕಿಂತ ಮುಖ್ಯವಾದ ಕಚೇರಿ ಬೇರೆಯೇ ಇದೆ. ಮನೆಯಲ್ಲಿ ಅಜ್ಜಿಯಿದ್ದರೆ, ಬೀದಿಯಲ್ಲಿ ಯಾರಾದರೂ ಹಿರಿಯರಿದ್ದರೆ, ಅವರಿಗೆ ಬರುವ ಹಾಡುಗಳನ್ನು ಮಕ್ಕಳು ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳಲಿ. ಬೀಸುವ ಕಲ್ಲಿನ ಪದ, ಸೋಬಾನೆ, ಹಸೆಗೆ ಕರೆಯುವ ಹಾಡು, ಲಾಲಿ, ಯಾವುದಾದರೂ ಸರಿ. ಮೊಬೈಲಿಗೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲ, ಧ್ವನಿಯನ್ನೂ ಹಿಡಿದಿಡಬಹುದು. ನನ್ನ ಅಜ್ಜಿ ಸಂಡಿಗೆ ಹಿಟ್ಟು ಕಲಸುವಾಗ ಒಂದು ಉದ್ದನೆಯ ಕಥನದ ಹಾಡು ಹೇಳುತ್ತಿದ್ದರು. ಅದರಲ್ಲಿ ನನಗೆ ಉಳಿದಿರುವುದು ಧಾಟಿ ಮತ್ತು ಒಂದೂವರೆ ಸಾಲು. ಮಿಕ್ಕದ್ದನ್ನು ಕೇಳೋಣವೆಂದರೆ ಈಗ ಕೇಳುವುದಕ್ಕೆ ಯಾರೂ ಇಲ್ಲ. ಆಗ ನನಗೆ ಹನ್ನೊಂದು ವರ್ಷ, ಬರೆಯಲು ಬರುತ್ತಿತ್ತು, ರಜೆಯೂ ಇತ್ತು. ಬರೆದುಕೋ ಎಂದು ಯಾರೂ ಹೇಳಲಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಕೊನೆಗೆ ತಿರುಗಾಟ. ಊಟಿ, ಕೊಡೈಕೆನಾಲ್ ಎಂದು ಸಾಲ ಮಾಡಬೇಕಾಗಿಲ್ಲ. ಮೊದಲನೆಯ ಪ್ರವಾಸಕ್ಕೆ ನಿಮ್ಮ ಮನೆಯ ಅಂಗಳ ಸಾಕು. ವರ್ಷದಲ್ಲಿ ಎರಡು ದಿನ ನಡುಹಗಲಲ್ಲಿ ಸೂರ್ಯ ನಮ್ಮ ನೆತ್ತಿಗೆ ಸರಿಯಾಗಿ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಿಗೆ ಮಾತ್ರ ಇರುವ ಭಾಗ್ಯ ಇದು. ದೆಹಲಿಯ ಮಕ್ಕಳು ಇದನ್ನು ತಮ್ಮ ಊರಿನಲ್ಲಿ ನೋಡಲಾರರು. ಮೈಸೂರಿನಲ್ಲಿ ಏಪ್ರಿಲ್ 22ರ ಸುಮಾರಿಗೆ, ಬೆಂಗಳೂರು ಮಂಗಳೂರುಗಳಲ್ಲಿ ಏಪ್ರಿಲ್ 24ರ ಸುಮಾರಿಗೆ, ಹುಬ್ಬಳ್ಳಿಯಲ್ಲಿ ಮೇ 2ರ, ಬೆಳಗಾವಿಯಲ್ಲಿ ಮೇ 4ರ, ಕಲಬುರಗಿಯಲ್ಲಿ ಮೇ 9ರ, ಬೀದರಿನಲ್ಲಿ ಮೇ 11ರ ಆಸುಪಾಸಿನಲ್ಲಿ ಇದು ನಡೆಯುತ್ತದೆ. ಹೊತ್ತು ಹನ್ನೆರಡೂಕಾಲರಿಂದ ಹನ್ನೆರಡೂವರೆಯ ಒಳಗೆ. ಎರಡನೆಯ ಸಲ ಆಗಸ್ಟಿನಲ್ಲಿ ಬರುವುದಾದರೂ ಆಗ ಮೋಡ ಬಿಡುವುದು ಕಷ್ಟ. ಒಂದು ವಾರ ಮೊದಲೇ ಅಂಗಳದಲ್ಲಿ ಕೋಲು ನೆಟ್ಟು, ದಿನವೂ ನಡುಹಗಲಿನ ನೆರಳನ್ನು ಸೀಮೆಸುಣ್ಣದಲ್ಲಿ ಗುರುತು ಮಾಡುತ್ತ ಹೋಗಿ. ನೆರಳು ಕುಗ್ಗುತ್ತ ಕುಗ್ಗುತ್ತ ಕೋಲಿನ ಬುಡದೊಳಗೇ ಅಡಗಿಕೊಳ್ಳುತ್ತದೆ. ಸೂರ್ಯನನ್ನು ಮಾತ್ರ ಬರಿಗಣ್ಣಿನಿಂದ ನೋಡಬಾರದು, ನೋಡಬೇಕಾದದ್ದು ನೆಲವನ್ನು.

ಎರಡನೆಯ ಪ್ರವಾಸ ನಿಮ್ಮ ಊರಿನ ಕಲ್ಲುಗಳ ಬಳಿಗೆ. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿ, ಸುಮಾರು ಕ್ರಿ.ಶ. 450ರ ಶಾಸನದಿಂದ ಹೆಸರಾದ ಪುಟ್ಟ ಹಳ್ಳಿ. ಬೆಂಗಳೂರಿನ ಬೇಗೂರು ದೇವಾಲಯದಲ್ಲಿ 'ಬೆಂಗಳೂರು' ಎಂಬ ಹೆಸರನ್ನು ಕೆತ್ತಿರುವ, ಸುಮಾರು 890ನೇ ಇಸವಿಯ ವೀರಗಲ್ಲಿದೆ. ನಿಮ್ಮ ಊರಿನ ದೇವಸ್ಥಾನದ ಹಿಂದೆಯೋ ಕೆರೆಯ ಏರಿಯ ಮೇಲೋ ಅಂಥ ಒಂದು ಕಲ್ಲು ನಿಂತಿರಬಹುದು. ಬಿ.ಎಲ್. ರೈಸ್ 1886ರಿಂದ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆಯ ಶಾಸನಗಳು ತಾಲ್ಲೂಕುವಾರು ಅಚ್ಚಾಗಿವೆ. ದೊಡ್ಡ ಗ್ರಂಥಾಲಯದಲ್ಲಿ ನಿಮ್ಮ ತಾಲ್ಲೂಕಿನ ಪುಟ ತೆರೆದು, ಅಲ್ಲಿರುವ ಕಲ್ಲನ್ನು ಹುಡುಕಿಕೊಂಡು ಹೋಗುವುದು ಯಾವ ನಿಧಿ ಹುಡುಕಾಟಕ್ಕೂ ಕಡಿಮೆಯಲ್ಲ. ಈ ಪ್ರಯಾಣದ ಯಜಮಾನಿಕೆ ಮಗುವಿನದಾಗಲಿ: ಯಾವ ಬಸ್ಸು, ಎಷ್ಟು ಹೊತ್ತಿಗೆ, ಬುತ್ತಿಗೆ ಏನು, ಟಿಕೆಟ್ಟಿನ ಹಣ ಯಾರ ಕೈಯಲ್ಲಿ, ಎಲ್ಲವೂ. ಬೆಳಗ್ಗೆ ಆರಕ್ಕೇ ಹೊರಟು ಹನ್ನೊಂದರೊಳಗೆ ನೆರಳಿಗೆ ಸೇರಿಕೊಳ್ಳಬೇಕು, ನೀರಿನ ಬಾಟಲಿ ಮರೆಯಬಾರದು ಎಂಬ ಎರಡು ಕಟ್ಟಳೆ ಮಾತ್ರ ದೊಡ್ಡವರದು.

ಇನ್ನೊಂದು ಕಟ್ಟಳೆಯನ್ನು ನಗದೆ ಹೇಳಬೇಕಾಗಿದೆ. ಪ್ರತಿ ಬೇಸಿಗೆಯಲ್ಲೂ ಈಜಲು ಹೋದ ಮಕ್ಕಳು ಮುಳುಗಿದ ಸುದ್ದಿಯನ್ನು ನಾವು ಪತ್ರಿಕೆಯಲ್ಲಿ ಓದುತ್ತೇವೆ. ಮಣ್ಣು ತೆಗೆದ ಕೆರೆಯ ಗುಂಡಿಗಳೂ ಕಲ್ಲುಕ್ವಾರಿಯ ಹೊಂಡಗಳೂ ಮೇಲಿನಿಂದ ಶಾಂತವಾಗಿ ಕಾಣುತ್ತವೆ. ಆಳ ಎರಡೇ ಹೆಜ್ಜೆಗೆ ಬದಲಾಗುತ್ತದೆ. ಈಜು ಖಂಡಿತ ಕಲಿಯಬೇಕು, ಆದರೆ ಬೆನ್ನಿಗೆ ಬೆಂಡು ಕಟ್ಟಿ, ಈಜು ಬಲ್ಲ ದೊಡ್ಡವರು ನೀರಿನಲ್ಲೇ ಪಕ್ಕದಲ್ಲಿರುವಾಗ. ಮಕ್ಕಳೇ, ಗೆಳೆಯ ಮುಳುಗುತ್ತಿದ್ದರೆ ನೀರಿಗೆ ಹಾರಬೇಡಿ. ಕೂಗಿ ಜನ ಸೇರಿಸಿ, ಹಗ್ಗವನ್ನೋ ಉದ್ದನೆಯ ಗಳುವನ್ನೋ ಚಾಚಿ. ಹಾರಿದವರೂ ಹಿಂದಿರುಗದ ಉದಾಹರಣೆಗಳು ಬೇಕಾದಷ್ಟಿವೆ.

ಹತ್ತನೆಯ ತರಗತಿ ಬರೆದು ಫಲಿತಾಂಶಕ್ಕೆ ಕಾದಿರುವವರಿಗೆ ಒಂದು ಮಾತು. ನಿಮ್ಮ ಲೆಕ್ಕದ ಕೊನೆಯ ಬೇಸಿಗೆ ಇದು. ಬರೆದ ಉತ್ತರವನ್ನು ಈಗ ತಿದ್ದಲಾಗುವುದಿಲ್ಲ. ಮಾವಿನಹಣ್ಣನ್ನಾದರೂ ರುಚಿಯಾಗಿ ತಿನ್ನಬಹುದು. ತಂದೆ ತಾಯಂದಿರು, "ಅಂಕ ಎಷ್ಟೇ ಬರಲಿ, ಆ ದಿನ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟ ಮಾಡೋಣ" ಎಂದು ಫಲಿತಾಂಶಕ್ಕೆ ಮೊದಲೇ ಹೇಳಿಬಿಡಬೇಕು. ಆಮೇಲೆ ಹೇಳಿದರೆ ಅದು ಸಮಾಧಾನದ ಮಾತಾಗುತ್ತದೆ. ಮೊದಲೇ ಹೇಳಿದರೆ ಧೈರ್ಯ.

ಪಕ್ಕದ ಮನೆಯ ಹುಡುಗನ ಕತೆ ಏನಾಯಿತೆಂದು ಕೇಳುವಿರಾ? ಹತ್ತು ದಿನ ಶಿಬಿರಕ್ಕೂ ಹೋಗಿಬಂದ. ಉಳಿದ ದಿನಗಳಲ್ಲಿ ಪಾನಕದ ಇಲಾಖೆ ಅವನಿಗೆ ಸೇರಿತು. ಮೊದಲನೆಯ ದಿನ ನಮಗೂ ಒಂದು ಲೋಟ ತಂದುಕೊಟ್ಟ. ಮೆಣಸಿನ ಪುಡಿ ಎಷ್ಟು ಹಾಕಿದ್ದನೆಂದರೆ ನಾನೂ ನನ್ನ ಹೆಂಡತಿಯೂ ಕೆಮ್ಮುತ್ತ ಕೆಮ್ಮುತ್ತ, "ಚೆನ್ನಾಗಿದೆ ಕಣೋ" ಎಂದು ಕಣ್ಣೀರು ಒರೆಸಿಕೊಂಡೆವು. ಏಪ್ರಿಲ್ 24ರಂದು ನಮ್ಮಿಬ್ಬರ ಮನೆಯ ನಡುವಿನ ಕಾಂಪೌಂಡಿನ ಮೇಲೆ ಸೀಮೆಸುಣ್ಣದ ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿ, ನೆರಳು ಮಾಯವಾದಾಗ ಇಡೀ ಬೀದಿ ಕೇಳುವ ಹಾಗೆ ಕೂಗಿದ.

ಈ ವರ್ಷ ಅವನು ಏಳು ಮುಗಿಸಿದ್ದಾನೆ. ಮೊನ್ನೆ ಕೊನೆಯ ಪರೀಕ್ಷೆಯ ಸಂಜೆ ಜಗಲಿಯ ಮೇಲೆ ಚೀಲ ಬಿದ್ದ ಸದ್ದು ಕೇಳಿಸಿತು. ಈ ಸಲ ಅವನು ಬೀದಿಗೆ ಓಡಲಿಲ್ಲ. ನೇರವಾಗಿ ನಮ್ಮ ಬಾಗಿಲಿಗೆ ಬಂದು ಕೇಳಿದ: "ಅಂಕಲ್, ಈ ವರ್ಷಾನೂ ನೆರಳಿಲ್ಲದ ದಿನ ಇಪ್ಪತ್ತನಾಲ್ಕಕ್ಕೇನಾ?"